ಕಬ್ಬಿಣದ ಗೋಡೌನ್ ಕಟ್ಟಿಸುವ ಮುಂಚೆ: ಕಾಗದದ ಮೇಲೆ ಮುಗಿಸಬೇಕಾದ ಕೆಲಸಗಳು

ಎರಡು ವರ್ಷದ ಹಿಂದೆ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರು ತಮ್ಮ ಹೊಸ ಗೋಡೌನ್ ನೋಡಲು ಕರೆದರು. ಕಟ್ಟಡ ಮುಗಿದು ಎಂಟು ತಿಂಗಳಾಗಿತ್ತು. 18 ಮೀಟರ್ ಅಗಲ, 36 ಮೀಟರ್ ಉದ್ದ, ನೀಲಿ ಶೀಟು. ಅಂದವಾಗಿತ್ತು. "ಸಾರ್, ಒಳಗೆ ಅರ್ಧ ಭಾಗಕ್ಕೆ ಒಂದು ಅಟ್ಟ ಹಾಕ್ಸೋಣ ಅಂತ. ಕಂಬ ದಪ್ಪ ಇದಾವಲ್ಲ, ಅವಕ್ಕೇ ಬೀಮ್ ವೆಲ್ಡ್ ಮಾಡಿದ್ರೆ ಆಗಲ್ವಾ?" ಎಂದು ಕೇಳಿದರು.

ಆಗುವುದಿಲ್ಲ ಎಂದು ಹೇಳಬೇಕಾಯಿತು. ಆ ಕಂಬಗಳ ಲೆಕ್ಕ ಹಾಕಿದ್ದು ಚಾವಣಿ ಹೊರುವುದಕ್ಕೆ ಮಾತ್ರ. ಅಂಥ ಚಾವಣಿಗೆ ನಮ್ಮ ಕೋಡ್, ಅಂದರೆ ಐಎಸ್ ಎಂಬ ಭಾರತೀಯ ಮಾನಕ, ಹಿಡಿಯುವ ಬಳಕೆಯ ಭಾರ ಚದರ ಮೀಟರ್‌ಗೆ ಸುಮಾರು 75 ಕೆಜಿ. ಸರಕು ಪೇರಿಸುವ ಅಟ್ಟಕ್ಕೆ ಅದೇ ಕೋಡ್ ಕೇಳುವುದು ಕನಿಷ್ಠ 750 ಕೆಜಿ. ಹತ್ತು ಪಟ್ಟು! ಕೊನೆಗೆ ಹೊಸ ನೆಲ ಒಡೆದು, ಬೇರೆ ಪಾಯ ತೆಗೆದು, ಬೇರೆ ಕಂಬ ನಿಲ್ಲಿಸಿ ಅಟ್ಟ ಕಟ್ಟಿದರು. "ಅಟ್ಟ ಬೇಕಾ ಅಂತ ಯಾರೂ ಕೇಳ್ಲಿಲ್ಲ ಸಾರ್. ಉದ್ದ ಎಷ್ಟು, ಅಗಲ ಎಷ್ಟು, ಎತ್ತರ ಎಷ್ಟು ಅಂದ್ರು ಅಷ್ಟೆ" ಎಂದು ಅವರು ಹೇಳಿದ್ದು ಈಗಲೂ ನೆನಪಿದೆ.

ಅವರಂಥವರಿಗೆ ಈ ಲೇಖನ. ಗೋಡೌನ್, ಶೋರೂಂ, ಸಣ್ಣ ಕಾರ್ಖಾನೆ, ಕಲ್ಯಾಣ ಮಂಟಪ, ಏನೇ ಇರಲಿ, ಕಬ್ಬಿಣದಲ್ಲಿ ಕಟ್ಟಿಸಲು ಹೊರಟವರು ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಾಂಕ್ರೀಟ್ ಕಟ್ಟಡದಲ್ಲಿ ಕೆಲಸ ನಡೆಯುವಾಗಲೂ ಒಂದು ಕಿಟಕಿ ಸರಿಸಬಹುದು, ಒಂದು ಸರಳು ಜಾಸ್ತಿ ಹಾಕಬಹುದು. ಕಬ್ಬಿಣದ ಕಟ್ಟಡ ಹಾಗಲ್ಲ. ಅದು ಬೇರೆ ಊರಿನ ವರ್ಕ್‌ಶಾಪಿನಲ್ಲಿ ತಯಾರಾಗಿ, ಬೋಲ್ಟಿನ ತೂತುಗಳ ಸಮೇತ ಲಾರಿಯಲ್ಲಿ ಬರುತ್ತದೆ. ಸೈಟಿನಲ್ಲಿ ಆಗುವುದು ಜೋಡಣೆ ಮಾತ್ರ. ಈ ಪದ್ಧತಿ ಹೊಸದೇನೂ ಅಲ್ಲ. ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ಅದರ ಕಬ್ಬಿಣದ ಭಾಗಗಳೂ ಬೇರೆ ಕಡೆ ಎರಕವಾಗಿ ಬಂದು ಇಲ್ಲಿ ಜೋಡಣೆಯಾದವು. ಹಾಗಾಗಿ ತಪ್ಪು ತಿದ್ದಬೇಕಾದ ಜಾಗ ಸೈಟಲ್ಲ, ಡ್ರಾಯಿಂಗ್.

ಉದಾಹರಣೆಗೆ ಅದೇ 18 × 36 ಮೀಟರ್ ಕಟ್ಟಡವನ್ನೇ ಇಟ್ಟುಕೊಂಡು ಹೋಗೋಣ.

ಮೊದಲು: ಒಳಗೆ ಏನು ನಡೆಯುತ್ತದೆ?

ಕಂಪನಿಗಳಿಗೆ ಫೋನ್ ಮಾಡುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ಒಳಗೆ ಏನಿರುತ್ತದೆ, ಎಷ್ಟು ಎತ್ತರ ಪೇರಿಸುತ್ತೀರಿ, ಫೋರ್ಕ್‌ಲಿಫ್ಟ್ ಬರುತ್ತದಾ, ಲಾರಿ ಒಳಗೇ ಬರಬೇಕಾ, ಕ್ರೇನ್ ಬೇಕಾ. ಅಟ್ಟ ಈಗ ಬೇಡದಿದ್ದರೂ ಐದು ವರ್ಷದಲ್ಲಿ ಬೇಕಾಗಬಹುದಾ? ಚಾವಣಿ ಮೇಲೆ ಸೋಲಾರ್ ಹಾಕುತ್ತೀರಾ? ಉದ್ದ ಬೆಳೆಸುವ ಯೋಚನೆ ಇದೆಯಾ?

ಸೋಲಾರ್ ಪ್ಯಾನಲ್‌ಗೆ ಚದರ ಮೀಟರ್‌ಗೆ ಸುಮಾರು 15 ಕೆಜಿ ಹಿಡಿದರೆ ಸಾಕು. ಡಿಸೈನ್ ಮಾಡುವಾಗ ಸೇರಿಸಿದರೆ ಖರ್ಚು ಅಷ್ಟೇನೂ ಏರುವುದಿಲ್ಲ. ಆಮೇಲೆ ಸೇರಿಸಲು ಹೋದರೆ ಪರ್ಲಿನ್‌ಗಳನ್ನೇ, ಅಂದರೆ ಶೀಟು ಕೂರುವ ಅಡ್ಡಪಟ್ಟಿಗಳನ್ನೇ, ಬದಲಿಸಬೇಕಾಗಬಹುದು. ಉದ್ದ ಬೆಳೆಸುವುದಿದ್ದರೂ ಅಷ್ಟೆ. ಆ ಬದಿಯ ಕೊನೆಯ ಫ್ರೇಮನ್ನು, ಅಂದರೆ ಕಂಬ ತೊಲೆ ಸೇರಿದ ಚೌಕಟ್ಟನ್ನು, ಸಣ್ಣದು ಮಾಡದೆ, ನಡುವಿನ ಫ್ರೇಮಿನಷ್ಟೇ ಗಟ್ಟಿ ಮಾಡಿ ಎಂದು ಮೊದಲೇ ಹೇಳಿಬಿಡಿ.

ಎತ್ತರದ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. "20 ಅಡಿ ಎತ್ತರ" ಎಂದರೆ ನೀವು ತಿಳಿಯುವುದು ಒಳಗೆ ಖಾಲಿ ಸಿಗುವ ಎತ್ತರ. ಕೊಟೇಶನ್‌ನಲ್ಲಿ ಅದು ಸೂರಿನ ಎತ್ತರ ಆಗಿರಬಹುದು. ಕಂಬ ಮತ್ತು ತೊಲೆ ಸೇರುವ ಮೂಲೆಯಲ್ಲಿ ತೊಲೆ ತುಂಬಾ ಆಳ ಇರುತ್ತದೆ. ಅಲ್ಲಿ ಎರಡು ಅಡಿಗಿಂತ ಜಾಸ್ತಿ ಕಳೆದುಹೋಗಬಹುದು. "ನೆಲದಿಂದ ತೊಲೆಯ ಕೆಳಗಿನ ಅಂಚಿನವರೆಗೆ ಇಷ್ಟು ಬೇಕು" ಎಂದೇ ಬರೆಸಿ.

ಎರಡನೆಯದು: ಜಾಗ ಮತ್ತು ಕಾಗದಪತ್ರ

"ಶೆಡ್ ತಾನೆ, ಬೇಕಂದ್ರೆ ಬಿಚ್ಚಬಹುದು, ಇದಕ್ಯಾಕೆ ಅನುಮತಿ?" ಎಂದು ಕೇಳುವವರು ಇದ್ದಾರೆ. ಬೋಲ್ಟ್ ಹಾಕಿ ನಿಲ್ಲಿಸಿದ್ದೂ ಕಟ್ಟಡವೇ. ಕೃಷಿ ಜಮೀನಾಗಿದ್ದರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಭೂ ಪರಿವರ್ತನೆ ಆಗಿರಬೇಕು. ಅದಾದ ಮೇಲೆ ಪಂಚಾಯಿತಿ, ನಗರಸಭೆ ಅಥವಾ ಯೋಜನಾ ಪ್ರಾಧಿಕಾರ, ನಿಮ್ಮ ಜಾಗ ಯಾರ ವ್ಯಾಪ್ತಿಯೋ ಅವರಿಂದ ನಕ್ಷೆ ಮಂಜೂರಾಗಬೇಕು. ಹೆದ್ದಾರಿ ಪಕ್ಕದ ಜಾಗ ಆದರೆ ರಸ್ತೆಯಿಂದ ಎಷ್ಟು ಬಿಡಬೇಕು, ಮೇಲೆ ವಿದ್ಯುತ್ ಲೈನ್ ಹಾದುಹೋಗಿದ್ದರೆ ಅದರಿಂದ ಎಷ್ಟು ದೂರ ಇರಬೇಕು ಎಂದು ಬರಹದಲ್ಲಿ ಪಡೆಯಿರಿ. ಬ್ಯಾಂಕ್ ಸಾಲ, ವಿಮೆ, ಕರೆಂಟು, ಎಲ್ಲದಕ್ಕೂ ಆಮೇಲೆ ಇದೇ ಕಾಗದ ಕೇಳುತ್ತಾರೆ.

ಜಾಗ ನೋಡುವಾಗ ಲಾರಿ ಡ್ರೈವರ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಎಲ್ಲಿ ತಿರುಗಿಸುವುದು, ಎಲ್ಲಿ ರಿವರ್ಸ್ ತೆಗೆಯುವುದು ಎಂದು ಅವರು ಐದು ನಿಮಿಷದಲ್ಲಿ ಹೇಳುತ್ತಾರೆ. 40 ಅಡಿ ಕಂಟೇನರ್ ಗಾಡಿ ಬರುವುದಾದರೆ ಲೋಡಿಂಗ್ ಬಾಗಿಲಿನ ಮುಂದೆ 100 ಅಡಿಗಿಂತ ಕಡಿಮೆ ಖಾಲಿ ಜಾಗ ಇದ್ದರೆ ಕಷ್ಟ. ನೆಲಮಟ್ಟವನ್ನೂ ಯೋಚಿಸಿ. ನಮ್ಮಲ್ಲಿ ಡಾಂಬರು ಹಾಕಿದಾಗೆಲ್ಲ ರಸ್ತೆ ಒಂದಿಷ್ಟು ಮೇಲೆ ಬರುತ್ತದೆ, ಅಲ್ವಾ? ಇವತ್ತು ರಸ್ತೆಗೆ ಸಮ ಇರುವ ನೆಲ ಹತ್ತು ವರ್ಷದಲ್ಲಿ ತಗ್ಗಾಗಿರುತ್ತದೆ.

ಮಣ್ಣು ಪರೀಕ್ಷೆ ಬಿಡಬೇಡಿ. ಕಬ್ಬಿಣದ ಕಟ್ಟಡ ಹಗುರ, ಪಾಯ ಹೇಗಿದ್ದರೂ ನಡೆಯುತ್ತದೆ ಎಂದು ಸುಮ್ನೆ ಹೇಳಿಬಿಡುತ್ತಾರೆ. ಧಾರವಾಡ, ಗದಗ, ವಿಜಯಪುರ, ರಾಯಚೂರು ಕಡೆಯ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಅಲ್ಲಿ ಹಗುರ ಕಟ್ಟಡಕ್ಕೇ ತೊಂದರೆ ಜಾಸ್ತಿ, ಏಕೆಂದರೆ ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವಷ್ಟು ತೂಕ ಅದಕ್ಕಿಲ್ಲ. ಎರೆ ಪದರ ದಾಟಿ ಗಟ್ಟಿ ನೆಲದವರೆಗೆ ಇಳಿಯಬೇಕು, ಇಲ್ಲವೇ ಬುಡ ಅಗಲ ಮಾಡಿದ ಅಂಡರ್‌ರೀಮ್ ಪೈಲ್ ಹಾಕಬೇಕು. ಬೆಂಗಳೂರಿನ ಸುತ್ತ ಮುಚ್ಚಿದ ಕೆರೆ, ತುಂಬಿಸಿದ ಕಲ್ಲು ಕ್ವಾರಿ ಬಗ್ಗೆ ಎಚ್ಚರ ಇರಲಿ. ಊರಿನ ಹಿರಿಯರನ್ನು ಕೇಳಿದರೆ ಹಿಂದೆ ಅಲ್ಲಿ ಏನಿತ್ತು ಎಂದು ಗೊತ್ತಾಗುತ್ತದೆ.

ಮೂರನೆಯದು: ಯಾವ ಬಗೆ?

ನಮ್ಮಲ್ಲಿ ಮುಖ್ಯವಾಗಿ ಎರಡು ದಾರಿ ಇವೆ. ಒಂದು, ಊರಿನ ಫ್ಯಾಬ್ರಿಕೇಟರ್ ಕೈಯಲ್ಲಿ ಪೈಪ್ ಅಥವಾ ಆಂಗಲ್ ಬಳಸಿ ಟ್ರಸ್, ಅಂದರೆ ತ್ರಿಕೋನಗಳ ಜಾಲದಂಥ ತೊಲೆ, ಮಾಡಿಸುವುದು. ಎರಡು, ಪಿಇಬಿ (ಪ್ರೀ-ಎಂಜಿನಿಯರ್ಡ್ ಬಿಲ್ಡಿಂಗ್) ಕಂಪನಿಯಿಂದ ಪ್ಲೇಟು ಕತ್ತರಿಸಿ ಬೆಸೆದ ಕಂಬ ತೊಲೆಗಳನ್ನು ತರಿಸುವುದು. ಪಿಇಬಿಯಲ್ಲಿ ಭಾರ ಎಲ್ಲಿ ಜಾಸ್ತಿಯೋ ಅಲ್ಲಿ ತೊಲೆ ದಪ್ಪ, ಕಡಿಮೆ ಇರುವಲ್ಲಿ ಸಣ್ಣ. ಹಾಗಾಗಿ ಕಬ್ಬಿಣ ಉಳಿಯುತ್ತದೆ.

ನನ್ನ ಅಭಿಪ್ರಾಯದಲ್ಲಿ 12 ಮೀಟರ್ ಒಳಗಿನ ಅಗಲ, ಸಾಧಾರಣ ಎತ್ತರ ಇದ್ದರೆ ಊರಿನ ಒಳ್ಳೆಯ ಫ್ಯಾಬ್ರಿಕೇಟರ್ ಸಾಕು. ಆದರೆ ಒಂದು ಷರತ್ತು: ಸ್ಟ್ರಕ್ಚರಲ್ ಎಂಜಿನಿಯರ್ ಮಾಡಿದ ಡ್ರಾಯಿಂಗ್ ಇರಬೇಕು. "ಹಿಂದಿನ ಶೆಡ್‌ಗೂ ಇದೇ ಪೈಪ್ ಹಾಕಿದ್ವಿ" ಎನ್ನುವುದು ಡಿಸೈನ್ ಅಲ್ಲ. 15 ಮೀಟರ್ ದಾಟಿದರೆ, ನಡುವೆ ಕಂಬ ಬೇಡವಾದರೆ, ಪಿಇಬಿ ಕಡೆ ನೋಡಿ.

ನಡುಗಂಬ ಬೇಕೋ ಬೇಡವೋ ಎಂಬುದನ್ನೂ ಸರಕು ನೋಡಿ ತೀರ್ಮಾನಿಸಿ. ಅಗಲ ಎರಡರಷ್ಟಾದರೆ ತೊಲೆಯ ತೂಕ ಎರಡರಷ್ಟಲ್ಲ, ಅದಕ್ಕಿಂತ ಜಾಸ್ತಿ ಆಗುತ್ತದೆ. 30 ಮೀಟರ್ ಅಗಲದ ಗೋಡೌನ್‌ನಲ್ಲಿ ರ‍್ಯಾಕ್‌ಗಳ ನಡುವೆ ಅಡಗಿ ಕೂರುವ ಒಂದು ಸಾಲು ಕಂಬದಿಂದ ತುಂಬಾ ದುಡ್ಡು ಉಳಿಯುತ್ತದೆ. ಕಲ್ಯಾಣ ಮಂಟಪದಲ್ಲಿ ಅದೇ ಕಂಬ ವೇದಿಕೆಗೆ ಅಡ್ಡ ಬರುತ್ತದೆ.

ಉದ್ದಕ್ಕೆ ಫ್ರೇಮ್‌ಗಳ ನಡುವೆ 6ರಿಂದ 8 ಮೀಟರ್ ಅಂತರ ಸಾಮಾನ್ಯ. ನಮ್ಮ 36 ಮೀಟರ್ ಕಟ್ಟಡಕ್ಕೆ 6 ಮೀಟರ್‌ಗೆ ಒಂದರಂತೆ ಇಟ್ಟರೆ ಏಳು ಫ್ರೇಮ್, 7.2 ಮೀಟರ್‌ಗೆ ಇಟ್ಟರೆ ಆರು. ಫ್ರೇಮ್ ಕಡಿಮೆಯಾದರೆ ಪಾಯವೂ ಕಡಿಮೆ, ಆದರೆ ಪರ್ಲಿನ್ ದಪ್ಪವಾಗುತ್ತದೆ. ಎರಡೂ ಲೆಕ್ಕ ಹಾಕಿಸಿ ನೋಡಿ. ಅದಕ್ಕಿಂತ ಮುಂಚೆ ಶಟರ್ ಬಾಗಿಲು ಎಲ್ಲೆಲ್ಲಿ ಎಂದು ಗುರುತು ಮಾಡಿ. ಬಾಗಿಲಿನ ಜಾಗದಲ್ಲಿ ಅಡ್ಡ ಬ್ರೇಸಿಂಗ್, ಅಂದರೆ ಕಂಬಗಳ ನಡುವೆ ಓರೆಯಾಗಿ ಕಟ್ಟುವ ಸರಳು, ಬಂದುಬಿಟ್ಟರೆ ಸೈಟಿನಲ್ಲಿ ಯಾರೋ ಒಬ್ಬರು ಅದನ್ನು ಕತ್ತರಿಸಿಬಿಡುತ್ತಾರೆ. ನಾನು ಕಂಡಿದ್ದೇನೆ. ಆ ಸರಳು ಸಣ್ಣದಾಗಿ ಕಾಣುತ್ತದೆ, ಆದರೆ ಇಡೀ ಕಟ್ಟಡ ಉದ್ದಕ್ಕೆ ವಾಲದಂತೆ ಹಿಡಿದಿರುವುದು ಅದೇ.

ನಾಲ್ಕನೆಯದು: ಗಾಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕಾಂಕ್ರೀಟ್ ಕಟ್ಟಡ ಕೆಳಗೆ ಕುಸಿಯದಂತೆ ನೋಡಿಕೊಳ್ಳುವುದು ಎಂಜಿನಿಯರ್ ಕೆಲಸ. ಶೀಟಿನ ಕಟ್ಟಡದಲ್ಲಿ ಅದರ ಜೊತೆಗೆ ಅದು ಮೇಲೆ ಹಾರದಂತೆಯೂ ನೋಡಿಕೊಳ್ಳಬೇಕು.

ಗಾಳಿಯ ಲೆಕ್ಕಕ್ಕೆ ನಮ್ಮಲ್ಲಿ ಇರುವುದು ಐಎಸ್ 875ರ ಮೂರನೇ ಭಾಗ, 2015ರ ಆವೃತ್ತಿ. ಅದರಲ್ಲಿ ಬೆಂಗಳೂರು, ಮೈಸೂರಿಗೆ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್. ಮಂಗಳೂರಿಗೆ 39. ಚೆನ್ನೈಗೆ 50. ನೋಡಲು ವ್ಯತ್ಯಾಸ ಸಣ್ಣದು. ಆದರೆ ಒತ್ತಡ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. 33 ಮೀಟರ್ ವೇಗಕ್ಕೆ ಚದರ ಮೀಟರ್ ಮೇಲೆ ಸುಮಾರು 67 ಕೆಜಿ, 39ಕ್ಕೆ 93 ಕೆಜಿ, 50ಕ್ಕೆ 153 ಕೆಜಿ. ಎತ್ತರ, ಸುತ್ತಲಿನ ಬಯಲು, ಗುಡ್ಡ ಎಲ್ಲ ಸೇರಿ ಇದು ಮತ್ತೆ ಹೆಚ್ಚು ಕಡಿಮೆ ಆಗುತ್ತದೆ.

ಈಗ ಚಾವಣಿಯ ತೂಕ ನೋಡಿ. ಶೀಟು ಚದರ ಮೀಟರ್‌ಗೆ 4ರಿಂದ 5 ಕೆಜಿ. ಪರ್ಲಿನ್, ತೊಲೆ ಎಲ್ಲ ಸೇರಿಸಿದರೂ 20 ಕೆಜಿಯ ಆಸುಪಾಸು. ಗಾಳಿ ಚಾವಣಿಯ ಮೇಲೆ ಹಾದುಹೋಗುವಾಗ ಅದನ್ನು ಮೇಲಕ್ಕೆ ಹೀರುತ್ತದೆ. ಕಟ್ಟಡದ ತೂಕ ಕಳೆದು ಚದರ ಮೀಟರ್‌ಗೆ 40 ಕೆಜಿ ಎಳೆತ ಉಳಿಯಿತು ಎಂದುಕೊಳ್ಳಿ. ನಮ್ಮ 648 ಚದರ ಮೀಟರ್ ಚಾವಣಿಗೆ ಅದು ಸುಮಾರು 26 ಟನ್. ಇಷ್ಟನ್ನೂ ಕೆಳಗೆ ಹಿಡಿದಿರುವುದು ಸ್ಕ್ರೂ, ಪರ್ಲಿನ್, ಬೋಲ್ಟ್, ಕೊನೆಗೆ ಪಾಯದ ಕಾಂಕ್ರೀಟ್. ಇದರಲ್ಲಿ ಯಾವುದೇ ಒಂದು ಕೊಂಡಿ ಸಡಿಲವಾದರೂ ಉಳಿದದ್ದರಿಂದ ಉಪಯೋಗವಿಲ್ಲ.

ದೊಡ್ಡ ಶಟರ್ ತೆರೆದಿರುವಾಗ ಬಿರುಗಾಳಿ ಬಂದರೆ ಇನ್ನೂ ಕಷ್ಟ. ಒಳನುಗ್ಗಿದ ಗಾಳಿ ಕೆಳಗಿನಿಂದ ತಳ್ಳುತ್ತದೆ, ಹೊರಗಿನದು ಮೇಲಿನಿಂದ ಎಳೆಯುತ್ತದೆ. ಗಾಳಿಗೆ ಕೊಡೆ ಮಗುಚಿಕೊಳ್ಳುವುದು ಹೀಗೇ. ಅದಕ್ಕೇ ಕೋಡ್ ಗೋಡೆಯಲ್ಲಿ ಎಷ್ಟು ಪಾಲು ತೆರವು ಇದೆ ಎಂದು ಕೇಳುತ್ತದೆ. ತೆರವು 5 ಪರ್ಸೆಂಟ್ ಒಳಗಿದ್ದರೆ ಒಳ ಒತ್ತಡ ಕಡಿಮೆ, 20 ದಾಟಿದರೆ ತುಂಬಾ ಜಾಸ್ತಿ. ಮೂರು ಬದಿ ಮುಚ್ಚಿ ಒಂದು ಬದಿ ಪೂರ್ತಿ ತೆರೆದ ಶೆಡ್ಡುಗಳು ಅಪಾಯದವು. ಗೋಡೆ ಈಗ ಬೇಡ, ಆಮೇಲೆ ಕಟ್ಟುತ್ತೇವೆ ಎಂದಿದ್ದರೆ ಅದನ್ನು ಎಂಜಿನಿಯರ್‌ಗೆ ಖಂಡಿತ ಹೇಳಿ.

ಚಾವಣಿಯ ಅಂಚು ಮತ್ತು ಮೂಲೆಗಳಲ್ಲಿ ಎಳೆತ ನಡುಭಾಗಕ್ಕಿಂತ ಜಾಸ್ತಿ. ಅಲ್ಲಿ ಸ್ಕ್ರೂ ಹತ್ತಿರ ಹತ್ತಿರ ಬೇಕು. ಶೀಟು ಹಾಕುವವರು ಎಲ್ಲ ಕಡೆ ಒಂದೇ ಅಂತರ ಇಟ್ಟುಕೊಂಡು ಹೋಗುತ್ತಾರೆ. ನಿಂತು ನೋಡಿ.

ಐದನೆಯದು: ಡ್ರಾಯಿಂಗ್‌ಗೆ ಸಹಿ ಹಾಕುವ ಮುಂಚೆ

ಪಿಇಬಿ ಕಂಪನಿ ಮೊದಲು ಡಿಸೈನ್ ಬೇಸಿಸ್ ರಿಪೋರ್ಟ್ ಕೊಡುತ್ತದೆ. ಇದು ಎರಡು ಮೂರು ಪುಟದ ಕಾಗದ. ಹೆಚ್ಚಿನವರು ಇದನ್ನು ಓದುವುದೇ ಇಲ್ಲ. ನಿಮ್ಮ ಕಟ್ಟಡದ ಜಾತಕ ಅದರಲ್ಲಿದೆ. ಯಾವ ಕೋಡ್, ಎಷ್ಟು ಗಾಳಿ ವೇಗ, ಎಷ್ಟು ಬಳಕೆಯ ಭಾರ, ಸೋಲಾರ್ ಸೇರಿದೆಯಾ, ಅಟ್ಟಕ್ಕೆ ಎಷ್ಟು, ಎಲ್ಲ ಅಲ್ಲಿರುತ್ತದೆ.

ಕಬ್ಬಿಣದ ಡಿಸೈನ್‌ಗೆ ಭಾರತದ ಕೋಡ್ ಐಎಸ್ 800, 2007ರದ್ದು. ಕೆಲವರು ಎಂಬಿಎಂಎ ಪದ್ಧತಿ, ಅಂದರೆ ಅಮೆರಿಕದ ಲೋಹದ ಕಟ್ಟಡ ತಯಾರಕರ ಸಂಘದ ಪದ್ಧತಿ, ಹಿಡಿಯುತ್ತಾರೆ. ಅದರಲ್ಲಿ ಚಾವಣಿಯ ಬಳಕೆಯ ಭಾರ 75 ಬದಲು 58 ಕೆಜಿಯ ಆಸುಪಾಸು ಬರುತ್ತದೆ, ಕಟ್ಟಡ ಹಗುರವಾಗುತ್ತದೆ, ರೇಟು ಇಳಿಯುತ್ತದೆ. ಅದು ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಒಬ್ಬರು ಐಎಸ್ ಪ್ರಕಾರ, ಇನ್ನೊಬ್ಬರು ಎಂಬಿಎಂಎ ಪ್ರಕಾರ ಕೊಟ್ಟ ರೇಟನ್ನು ಪಕ್ಕಪಕ್ಕ ಇಟ್ಟು "ಇವರದ್ದು ಕಡಿಮೆ" ಎಂದು ತೀರ್ಮಾನಿಸಬೇಡಿ. ಎಲ್ಲರಿಗೂ ಐಎಸ್ ಎಂದೇ ಹೇಳಿ.

ಇನ್ನೊಂದು ಮುಖ್ಯ ವಿಷಯ. ಕಂಪನಿಯವರ ಜವಾಬ್ದಾರಿ ಸಾಮಾನ್ಯವಾಗಿ ಕಂಬದ ಬುಡದ ದಪ್ಪ ತಟ್ಟೆ, ಅಂದರೆ ಬೇಸ್ ಪ್ಲೇಟ್‌ನಿಂದ ಮೇಲಕ್ಕೆ ಮಾತ್ರ. ಪಾಯ ನಿಮ್ಮ ಎಂಜಿನಿಯರ್ ಮಾಡಬೇಕು. ಈ ಇಬ್ಬರ ನಡುವೆ ಒಂದು ಕಾಗದ ಓಡಾಡಬೇಕು. ಪ್ರತಿ ಕಂಬ ಪಾಯವನ್ನು ಎಷ್ಟು ಒತ್ತುತ್ತದೆ, ಎಷ್ಟು ಮೇಲಕ್ಕೆ ಎಳೆಯುತ್ತದೆ, ಎಷ್ಟು ಹೊರಗೆ ತಳ್ಳುತ್ತದೆ ಎಂಬ ಪಟ್ಟಿ ಅದು. ರಿಯಾಕ್ಷನ್ ಎನ್ನುತ್ತಾರೆ. ಆ ಪಟ್ಟಿ ಬರುವ ಮುಂಚೆಯೇ ಅವಸರಕ್ಕೆ ಪಾಯ ತೆಗೆಯುವುದು ನಮ್ಮಲ್ಲಿ ಮಾಮೂಲಿ. ದಯವಿಟ್ಟು ಕಾಯಿರಿ. ಇಂಥ ಕಂಬದ ಪಾಯಕ್ಕೆ ಎಳೆತವನ್ನೂ ಪಕ್ಕದ ತಳ್ಳುವಿಕೆಯನ್ನೂ ತಡೆಯುವ ಗಾತ್ರ ಬೇಕು. ಒತ್ತಡಕ್ಕೆ ಮಾತ್ರ ಲೆಕ್ಕ ಹಾಕಿದರೆ ಅದು ತೀರಾ ಸಣ್ಣದಾಗುತ್ತದೆ.

ಆರನೆಯದು: ಬೋಲ್ಟ್ ಹೂಳುವ ದಿನ

ಇಡೀ ಕೆಲಸದಲ್ಲಿ ನೀವು ಖುದ್ದಾಗಿ ಸೈಟಿನಲ್ಲಿ ಇರಲೇಬೇಕಾದ ಒಂದು ದಿನ ಇದ್ದರೆ ಅದು ಕಂಬವನ್ನು ಪಾಯಕ್ಕೆ ಹಿಡಿದಿಡುವ ಫೌಂಡೇಶನ್ ಬೋಲ್ಟ್ ಹೂಳುವ ದಿನ. ಒಂದು ಸೈಟಿನಲ್ಲಿ ದಾರ ಕಟ್ಟಿ, ಕಣ್ಣಳತೆಯಲ್ಲಿ ಬೋಲ್ಟ್ ನಿಲ್ಲಿಸಿ ಕಾಂಕ್ರೀಟ್ ಸುರಿದಿದ್ದರು. ಒಂದು ಸಾಲು 20 ಮಿಲಿಮೀಟರ್ ಪಕ್ಕಕ್ಕೆ ಸರಿದಿತ್ತು. ಕಂಬ ಬಂತು, ಕ್ರೇನ್ ಬಂತು, ಪ್ಲೇಟಿನ ತೂತಿಗೆ ಬೋಲ್ಟ್ ಕೂರಲಿಲ್ಲ. ಗ್ಯಾಸ್ ಕಟರ್‌ನಲ್ಲಿ ತೂತು ದೊಡ್ಡದು ಮಾಡಿದರು, ಎರಡು ಬೋಲ್ಟ್ ಸುತ್ತಿಗೆಯಲ್ಲಿ ಬಗ್ಗಿಸಿದರು. ನಾನು ಹೋಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಆ ಸಾಲಿನ ಕಂಬಗಳ ಬುಡ ಮತ್ತೆ ಗಟ್ಟಿ ಮಾಡಿಸಲು ಒಂದು ತಿಂಗಳು ಹಿಡಿಯಿತು.

ಸರಿಯಾದ ರೀತಿ ಕಷ್ಟವೇನೂ ಅಲ್ಲ. ಬೇಸ್ ಪ್ಲೇಟಿನದೇ ತೂತುಗಳಿರುವ ತೆಳು ಪ್ಲೇಟು, ಟೆಂಪ್ಲೇಟ್ ಎನ್ನುತ್ತಾರೆ, ಅದರಲ್ಲಿ ಬೋಲ್ಟ್ ಕೂರಿಸಿ ಮೇಲೂ ಕೆಳಗೂ ನಟ್ ಬಿಗಿದು ನಿಲ್ಲಿಸಬೇಕು. ಆಮೇಲೆ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ಬೋಲ್ಟಿನ ಸಾಲುಗಳ ನಡುವೆ ಅಗಲ 18, ಉದ್ದ 36 ಇದ್ದರೆ ಕರ್ಣ 40.25 ಮೀಟರ್ ಬರಬೇಕು, ಎರಡೂ ಕಡೆ ಒಂದೇ. ವ್ಯತ್ಯಾಸ ಬಂದರೆ ಚೌಕ ತಪ್ಪಿದೆ ಎಂದೇ ಅರ್ಥ. ನಿಮ್ಮ ಕಟ್ಟಡದ ಕರ್ಣ ಎಷ್ಟು ಎಂದು ಮೊದಲೇ ಲೆಕ್ಕ ಹಾಕಿ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಲೆವೆಲ್ ಯಂತ್ರದಲ್ಲಿ ಎಲ್ಲ ಬೋಲ್ಟಿನ ತಲೆ ಒಂದೇ ಮಟ್ಟಕ್ಕೆ ಇದೆಯಾ ನೋಡಿಸಿ. ಬೋಲ್ಟಿನ ತಿರುಪಿಗೆ ಗ್ರೀಸ್ ಹಚ್ಚಿ ಪೈಪ್ ತುಂಡು ಮುಚ್ಚಿಸಿ, ಇಲ್ಲದಿದ್ದರೆ ಸಿಮೆಂಟ್ ಹಾಲು ಅಂಟಿಕೊಂಡು ನಟ್ ತಿರುಗುವುದಿಲ್ಲ. ಕಾಂಕ್ರೀಟ್ ಹಾಕಿದ ಮೇಲೆ, ಅದು ಹಸಿ ಇರುವಾಗಲೇ ಇನ್ನೊಮ್ಮೆ ಅಳೆಯಿರಿ. ವೈಬ್ರೇಟರ್ ತಗುಲಿ ಸರಿದಿರುತ್ತದೆ. ಆ ಅರ್ಧ ಗಂಟೆಯಲ್ಲಿ ತಿದ್ದಬಹುದು, ಆಮೇಲೆ ಆಗುವುದಿಲ್ಲ.

ಏಳನೆಯದು: ಮಳೆ ಮತ್ತು ಬಿಸಿಲು

ಕಬ್ಬಿಣದ ಕಟ್ಟಡದ ಬಗ್ಗೆ ನನಗೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು "ಸೋರುತ್ತೆ" ಮತ್ತು "ಬೇಯುತ್ತೆ" ಎಂಬ ಎರಡೇ.

ಸೋರಿಕೆ ತಪ್ಪಿಸುವ ಅತ್ಯಂತ ಅಗ್ಗದ ಉಪಾಯ ಆಕಾರದಲ್ಲೇ ಇದೆ. ಎರಡು ಚಾವಣಿ ಇಳಿಜಾರು ನಡುವೆ ಸೇರಿ ಅಲ್ಲಿ ನೀರು ಹರಿಯುವ ದೋಣಿ ಬರುವ ಆಕಾರ, ವ್ಯಾಲಿ ಗಟರ್, ಆದಷ್ಟು ಬೇಡ. ಅದರಲ್ಲಿ ಎಲೆ, ದೂಳು ಕಟ್ಟಿಕೊಂಡರೆ ನೀರು ಹೊರಗೆ ಚೆಲ್ಲುವುದಿಲ್ಲ, ಸರಕಿನ ಮೇಲೆ ಬೀಳುತ್ತದೆ. ಅಂಚಿನ ದೋಣಿ ತುಂಬಿದರೆ ಕಡೇಪಕ್ಷ ಹೊರಗೆ ಚೆಲ್ಲುತ್ತದೆ.

ಇಳಿಜಾರು ಸಾಮಾನ್ಯವಾಗಿ ಹತ್ತಕ್ಕೆ ಒಂದು. 18 ಮೀಟರ್ ಅಗಲಕ್ಕೆ ಸೂರಿಗಿಂತ ನೆತ್ತಿ 90 ಸೆಂಟಿಮೀಟರ್ ಎತ್ತರ. ಕರಾವಳಿ, ಮಲೆನಾಡಿನಲ್ಲಿ ಇನ್ನೂ ಜಾಸ್ತಿ ಕೊಡಿ. ನೆತ್ತಿಯಿಂದ ಸೂರಿನವರೆಗೆ ಒಂದೇ ಶೀಟು ಬರುವಂತೆ ಮಾಡಿಸಿ. ಇಲ್ಲಿ ಸುಮಾರು 9.3 ಮೀಟರ್ ಉದ್ದದ ಶೀಟು ಸಾಕು, ಲಾರಿಯಲ್ಲಿ ಬರುತ್ತದೆ. ನಡುವೆ ಜಾಯಿಂಟ್ ಇಲ್ಲ ಎಂದರೆ ಸೋರುವ ಒಂದು ಜಾಗ ಕಡಿಮೆಯಾದಂತೆ.

ದೋಣಿಯ ಗಾತ್ರಕ್ಕೂ ಲೆಕ್ಕ ಬೇಕು. ಒಂದು ಬದಿಯ ಚಾವಣಿ 324 ಚದರ ಮೀಟರ್. ಗಂಟೆಗೆ 100 ಮಿಲಿಮೀಟರ್ ರಭಸದ ಮಳೆ ಬಂದರೆ ಸೆಕೆಂಡಿಗೆ 9 ಲೀಟರ್ ನೀರು ಇಳಿಯುತ್ತದೆ. ಸೆಕೆಂಡಿಗೆ ಅರ್ಧ ಬಕೆಟ್! 36 ಮೀಟರ್ ಉದ್ದಕ್ಕೆ ಎರಡೇ ನಾಲ್ಕಿಂಚು ಪೈಪ್ ಇಟ್ಟರೆ ಸಾಲದು. ಪ್ರತಿ ಎರಡನೇ ಕಂಬಕ್ಕಾದರೂ ಒಂದು ಪೈಪ್ ಇಳಿಸಿ. ಆ ನೀರನ್ನು ಬಿಡಬೇಡಿ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬೀಳುವ ಬಯಲುಸೀಮೆಯ ಊರಿನಲ್ಲೂ ಈ ಒಂದು ಚಾವಣಿಯ ಮೇಲೆ ಬೀಳುವುದು 3.8 ಲಕ್ಷ ಲೀಟರ್‌ಗಿಂತ ಜಾಸ್ತಿ.

ಬಿಸಿಲಿಗೆ ನಾನು ಮೊದಲು ಹೇಳುವುದು ಬಣ್ಣ. ಚಾವಣಿಗೆ ಬಿಳಿ ಅಥವಾ ತಿಳಿ ಬಣ್ಣದ ಶೀಟು ಹಾಕಿ, ನೀಲಿಯ ಆಸೆ ಇದ್ದರೆ ಗೋಡೆಗೆ ಹಾಕಿಕೊಳ್ಳಿ. ಜನ ಇಡೀ ದಿನ ಕೂರುವ ಜಾಗವಾದರೆ ಶೀಟಿನ ಕೆಳಗೆ 50 ಮಿಲಿಮೀಟರ್ ಗ್ಲಾಸ್‌ವೂಲ್ ಅಥವಾ ನೇರವಾಗಿ ಪಫ್ ಪ್ಯಾನಲ್, ಅಂದರೆ ಎರಡು ಶೀಟುಗಳ ನಡುವೆ ಫೋಮ್ ತುಂಬಿದ ಹಲಗೆ, ಹಾಕಿಸಿ. ಇದನ್ನು ಶೀಟು ಹಾಕುವಾಗಲೇ ಮಾಡಬೇಕು. ನೆತ್ತಿಯಲ್ಲಿ ಬಿಸಿ ಗಾಳಿ ಹೊರಹೋಗುವ ದಾರಿ ಇದ್ದು, ಗೋಡೆಯ ಬುಡದಲ್ಲಿ ತಂಪು ಗಾಳಿ ಬರುವ ಓರೆ ಪಟ್ಟಿಯ ಕಿಂಡಿ, ಲೂವರ್, ಇಲ್ಲದಿದ್ದರೆ ಉಪಯೋಗವಿಲ್ಲ. ಎರಡೂ ಬೇಕು. ಬೆಳಕಿಗೆ ಚಾವಣಿಯ 3ರಿಂದ 5 ಪರ್ಸೆಂಟ್ ಪಾಲಿಕಾರ್ಬೊನೇಟ್ ಶೀಟು ಸಾಕು. ಮಂಗಗಳಿರುವ ಊರಿನಲ್ಲಿ ಬೆಳಕಿನ ಶೀಟು ಚಾವಣಿಗೆ ಬೇಡ, ಗೋಡೆಯ ಮೇಲ್ಭಾಗದಲ್ಲಿ ಹಾಕಿ.

ಎಂಟನೆಯದು: ಶೀಟು, ತುಕ್ಕು, ಬೆಂಕಿ

"0.5 ಎಂಎಂ ಶೀಟು" ಎಂದರೆ ಎರಡು ಅರ್ಥ ಇದೆ. ಲೇಪ, ಬಣ್ಣ ಎಲ್ಲ ಸೇರಿ 0.5 ಇರಬಹುದು, ಇದು ಟಿಸಿಟಿ. ಅಥವಾ ಒಳಗಿನ ಕಬ್ಬಿಣವೇ 0.5 ಇರಬಹುದು, ಇದು ಬಿಎಂಟಿ. ಟಿಸಿಟಿ 0.5 ಇರುವ ಶೀಟಿನಲ್ಲಿ ಕಬ್ಬಿಣ ಇರುವುದು 0.42ರ ಆಸುಪಾಸು. ಕೊಟೇಶನ್‌ನಲ್ಲಿ ಯಾವುದು ಎಂದು ಬರೆಸಿಕೊಳ್ಳಿ. ಲೇಪಕ್ಕೆ ಅಲ್ಯೂಮಿನಿಯಂ 55, ಸತು 43.4, ಸಿಲಿಕಾನ್ 1.6 ಪರ್ಸೆಂಟ್ ಇರುವ ಗ್ಯಾಲ್ವಾಲ್ಯೂಮ್ ಬಗೆ ಒಳ್ಳೆಯದು. ಎಝಡ್ 150 ಎಂದು ಕೇಳಿ, ಅಂದರೆ ಎರಡೂ ಮುಖ ಸೇರಿ ಚದರ ಮೀಟರ್‌ಗೆ 150 ಗ್ರಾಂ ಲೇಪ.

ಕರಾವಳಿಯ ಉಪ್ಪುಗಾಳಿ, ಗೊಬ್ಬರದ ದಾಸ್ತಾನು, ಕೋಳಿ ಫಾರಂ, ಈ ಮೂರೂ ಕಬ್ಬಿಣವನ್ನು ತಿನ್ನುತ್ತವೆ. ಅಲ್ಲಿ ಮಾಮೂಲಿ ರೆಡ್ ಆಕ್ಸೈಡ್ ಸಾಲದು. ಮರಳು ಹೊಡೆದು ಕಬ್ಬಿಣ ಬೆಳ್ಳಗೆ ಮಾಡಿ, ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ ಹಾಕಿಸಿ. ಬಣ್ಣದ ಡಬ್ಬಿಗಿಂತ ಅದಕ್ಕೆ ಮುಂಚಿನ ಶುಚಿ ಮಾಡುವ ಕೆಲಸವೇ ಮುಖ್ಯ.

ಕಬ್ಬಿಣ ಉರಿಯುವುದಿಲ್ಲ. ಆದರೆ 550 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದರ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹತ್ತಿ, ಕಾಗದ, ಪ್ಲಾಸ್ಟಿಕ್ ತುಂಬಿದ ಗೋಡೌನ್‌ನಲ್ಲಿ ಅಷ್ಟು ಬಿಸಿ ಬೇಗ ಬರುತ್ತದೆ. ಎದುರುಬದುರು ಎರಡು ಬಾಗಿಲು ಇಡಿ. ಜನ ಸೇರುವ ಕಟ್ಟಡವಾದರೆ ಕಂಬಗಳಿಗೆ ಬಿಸಿಗೆ ಉಬ್ಬಿ ರಕ್ಷಿಸುವ ಬಣ್ಣದ ಬಗ್ಗೆ ಎಂಜಿನಿಯರ್ ಜೊತೆ ಮಾತಾಡಿ, ಅಗ್ನಿಶಾಮಕ ಇಲಾಖೆಯ ನಿಯಮವನ್ನೂ ಮೊದಲೇ ಕೇಳಿ.

ಒಂಬತ್ತನೆಯದು: ಕೊಟೇಶನ್ ಹೋಲಿಸುವುದು

ಕೆಜಿ ಲೆಕ್ಕದಲ್ಲಿ ರೇಟು ಕೊಟ್ಟರೆ ಕಟ್ಟಡ ಭಾರ ಆದಷ್ಟೂ ಅವರಿಗೆ ಲಾಭ. ಚದರಡಿ ಲೆಕ್ಕದಲ್ಲಿ ಕೊಟ್ಟರೆ ಹಗುರ ಆದಷ್ಟೂ ಲಾಭ. ಹಾಗಾಗಿ ಯಾವ ಲೆಕ್ಕದಲ್ಲಿ ಕೊಟ್ಟರೂ ಒಟ್ಟು ತೂಕ ಬರೆದಿರಬೇಕು. ನಮ್ಮ ಅಳತೆಯ ಕಟ್ಟಡಕ್ಕೆ, ಒಳನಾಡಿನಲ್ಲಿ, ಕ್ರೇನ್, ಅಟ್ಟ ಇಲ್ಲದಿದ್ದರೆ ಶೀಟು ಬಿಟ್ಟು ಚದರ ಮೀಟರ್‌ಗೆ 20ರಿಂದ 30 ಕೆಜಿ ಬರುವುದು ಸಾಮಾನ್ಯ. ಮೂವರು 25 ಎಂದು, ಒಬ್ಬರು 17 ಎಂದು ಹೇಳಿದರೆ ಖುಷಿಪಡುವ ಬದಲು ಏಕೆ ಎಂದು ಕೇಳಿ. ಕೊಟ್ಟ ಡಿಸೈನನ್ನು ಬೇರೆ ಎಂಜಿನಿಯರ್ ಕೈಯಲ್ಲಿ ಪರಿಶೀಲಿಸಿ. ಅದಕ್ಕೆ ಕೊಡುವ ಫೀಸು ಕಟ್ಟಡದ ಖರ್ಚಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಕಬ್ಬಿಣದ ದರ್ಜೆ ನೋಡಿ. ಐಎಸ್ 2062ರಲ್ಲಿ ಇ250, ಇ350 ಎಂದು ಬರುತ್ತದೆ. ಡಿಸೈನ್ ಇ350ಕ್ಕೆ ಮಾಡಿ ಇ250 ಪ್ಲೇಟು ಹಾಕಿದರೆ ಶಕ್ತಿ ಸುಮಾರು 29 ಪರ್ಸೆಂಟ್ ಕಡಿಮೆ. ಕಣ್ಣಿಗೆ ಎರಡೂ ಒಂದೇ ಥರ. ಉಕ್ಕು ತಯಾರಿಸಿದ ಕಾರ್ಖಾನೆಯ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರ ಹೀಟ್ ನಂಬರ್, ಅಂದರೆ ಆ ಉಕ್ಕು ಕರಗಿಸಿದ ತಂಡದ ಸಂಖ್ಯೆ, ಪ್ಲೇಟಿನ ಮೇಲಿನದಕ್ಕೆ ಹೊಂದುತ್ತದಾ ನೋಡಿಸಿ.

ಫೌಂಡೇಶನ್ ಬೋಲ್ಟ್, ದೋಣಿ, ಶೀಟಿನ ಅಂಚು ಮುಚ್ಚುವ ಪಟ್ಟಿ (ಫ್ಲಾಶಿಂಗ್), ಸ್ಕ್ರೂ, ಕ್ರೇನ್ ಬಾಡಿಗೆ, ಸಾಗಣೆ, ಇಳಿಸುವ ಕೂಲಿ, ಜಿಎಸ್‌ಟಿ, ಯಾವುದು ಸೇರಿದೆ ಯಾವುದು ಇಲ್ಲ ಎಂದು ಒಂದು ಪಟ್ಟಿ ಮಾಡಿ ಎಲ್ಲರಿಗೂ ಅದನ್ನೇ ಕಳಿಸಿ.

ಹತ್ತನೆಯದು: ನಿಲ್ಲಿಸುವುದು

ಕಾಲ ನೋಡಿ ಶುರು ಮಾಡಿ. ಅಕ್ಟೋಬರ್, ನವೆಂಬರ್‌ನಲ್ಲಿ ಡ್ರಾಯಿಂಗ್, ಜನವರಿ ಹೊತ್ತಿಗೆ ಪಾಯ, ಫೆಬ್ರವರಿ ಮಾರ್ಚ್‌ನಲ್ಲಿ ಜೋಡಣೆ. ಏಪ್ರಿಲ್, ಮೇ ತಿಂಗಳ ಬಿರುಗಾಳಿ ಮಳೆಗೆ ಅರ್ಧ ನಿಂತ ಫ್ರೇಮ್ ಸಿಕ್ಕಿಕೊಳ್ಳಬಾರದು. ಮೊದಲು ಬ್ರೇಸಿಂಗ್ ಇರುವ ಎರಡು ಫ್ರೇಮ್ ನಿಲ್ಲಿಸಿ, ಕಟ್ಟಿ, ತೂಗುಗುಂಡು ಹಿಡಿದು ನೇರ ಮಾಡಿ, ಆಮೇಲೆ ಮುಂದಕ್ಕೆ ಹೋಗಬೇಕು. ಬ್ರೇಸಿಂಗ್ ಇಲ್ಲದ ಫ್ರೇಮನ್ನು ರಾತ್ರಿ ಹಾಗೇ ಬಿಟ್ಟು ಮನೆಗೆ ಹೋಗಲು ಬಿಡಬೇಡಿ.

ಮೇಲೆ ಕೆಲಸ ಮಾಡುವವರಿಗೆ ಬೆಲ್ಟ್ ಮತ್ತು ಅದನ್ನು ಸಿಕ್ಕಿಸುವ ಹಗ್ಗ ಎರಡೂ ಇರಬೇಕು. ಬೆಳಕಿನ ಶೀಟಿನ ಮೇಲೆ ಯಾರೂ ಕಾಲಿಡಬಾರದು. ದೂಳು ಕೂತ ಮೇಲೆ ಅದು ಬೇರೆ ಶೀಟಿನಂತೆಯೇ ಕಾಣುತ್ತದೆ, ಕಾಲಿಟ್ಟರೆ ಒಡೆಯುತ್ತದೆ. ಕೆಳಗೆ ಕಾಂಕ್ರೀಟ್ ನೆಲ. ಬೆಳಕಿನ ಶೀಟಿನ ಕೆಳಗೆ ತಂತಿ ಬಲೆ ಹಾಕಿಸಿ, ಸುತ್ತ ಕೆಂಪು ಗುರುತು ಬಳಿಸಿ. ಇದನ್ನು ಒಪ್ಪಂದದಲ್ಲೇ ಬರೆಸಿ.

ಪ್ರತಿ ಸಂಜೆ ಚಾವಣಿ ಗುಡಿಸಬೇಕು. ಡ್ರಿಲ್ ಮಾಡಿದ ಕಬ್ಬಿಣದ ಪುಡಿ ಶೀಟಿನ ಮೇಲೆ ಉಳಿದರೆ ಮೊದಲ ಮಳೆಗೇ ತುಕ್ಕಿನ ಚುಕ್ಕಿ ಏಳುತ್ತವೆ. ಜನ ಶೀಟು ಕಳಪೆ ಎಂದುಕೊಳ್ಳುತ್ತಾರೆ. ಗ್ರೈಂಡರ್‌ನಲ್ಲಿ ಶೀಟು ಕತ್ತರಿಸಲೂ ಬಿಡಬೇಡಿ, ಅಂಚಿನ ಲೇಪ ಸುಟ್ಟುಹೋಗುತ್ತದೆ.

ಮುಗಿದ ಮೇಲೆ ಬೇಸ್ ಪ್ಲೇಟಿನ ಕೆಳಗಿನ ಸಂದಿಗೆ ಗ್ರೌಟ್, ಅಂದರೆ ತೆಳು ಸಿಮೆಂಟ್ ಗಾರೆ, ತುಂಬಿದೆಯಾ, ಎಲ್ಲ ಬೋಲ್ಟ್‌ಗೆ ನಟ್ ಬಿಗಿದಿದೆಯಾ ಎಂದು ಒಂದೊಂದಾಗಿ ನೋಡಿ ಚಾಕ್‌ನಲ್ಲಿ ಗುರುತು ಹಾಕಿಸಿ. ಮೊದಲ ದೊಡ್ಡ ಮಳೆಯ ದಿನ ಒಳಗೆ ನಿಂತು ಎಲ್ಲಿ ತೊಟ್ಟಿಕ್ಕುತ್ತದೆ ಎಂದು ನೆಲದ ಮೇಲೆ ಗುರುತು ಮಾಡಿ. ಕೊನೆಯ ಕಂತಿನ ಹಣ ಆ ದಿನದವರೆಗೆ ನಿಮ್ಮ ಹತ್ತಿರವೇ ಇರಲಿ. ಡಿಸೈನ್ ರಿಪೋರ್ಟ್, ಬೋಲ್ಟಿನ ಪಟ್ಟಿ, ಕಟ್ಟಿದ ಹಾಗೆ ತಿದ್ದಿದ ಡ್ರಾಯಿಂಗ್, ಮಿಲ್ ಸರ್ಟಿಫಿಕೇಟ್, ಎಲ್ಲವನ್ನೂ ಜಾಗದ ಕ್ರಯಪತ್ರದ ಜೊತೆಗೇ ಇಟ್ಟುಬಿಡಿ. ಹತ್ತು ವರ್ಷದ ಮೇಲೆ ನಿಮ್ಮ ಮಗಳೋ ಮಗನೋ ಒಳಗೆ ಕ್ರೇನ್ ಹಾಕಿಸಬೇಕೆಂದು ಎಂಜಿನಿಯರ್ ಒಬ್ಬರನ್ನು ಕರೆತಂದರೆ, ಅವರು ಮೊದಲು ಕೇಳುವುದು ಆ ಕಾಗದಗಳನ್ನೇ.